ಅಂಗಳಕ್ಕೆ ಬಂದ ಕಾರವಾನ್, ಕೈಕೊಟ್ಟ ಕರೆಂಟು

ಮಂಗಳೂರಿಗೆ ಕರೆಂಟು ಬರುವ ದಾರಿಯಲ್ಲಿ ಕಾವೂರಿಗೆ ದೊಡ್ಡ ಸ್ಥಾನ. ಕೆಪಿಟಿಸಿಎಲ್‌ನ 220 ಕಿಲೊವೋಲ್ಟ್ ಸ್ವೀಕರಣಾ ಕೇಂದ್ರ ಇರುವುದು ಇಲ್ಲೇ. ಮೆಸ್ಕಾಂನ ಕೇಂದ್ರ ಕಚೇರಿ ಬಿಜೈಯಲ್ಲಿದ್ದರೂ ಅದು ನಿಂತಿರುವ ರಸ್ತೆಯ ಹೆಸರು ಕಾವೂರು ಕ್ರಾಸ್. ಕೂಳೂರಿನಲ್ಲಿ 66ನೇ ಹೆದ್ದಾರಿ ಬಿಟ್ಟು ಒಳಗೆ ತಿರುಗಿದವರು, ಬೊಂದೇಲ್ ಕಡೆಯಿಂದ ಇಳಿದವರು, ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಟವರು ಎಲ್ಲರೂ ಕಾವೂರು ಜಂಕ್ಷನ್ನಿನಲ್ಲಿ ಸೇರುತ್ತಾರೆ. ಮಹಾಲಿಂಗೇಶ್ವರ ದೇವಸ್ಥಾನದ ಕಡೆಗೆ ಹೋಗುವಾಗ ಪೇಟೆಯ ಗದ್ದಲ ಕಡಿಮೆಯಾಗಿ ತೆಂಗಿನ ಮರ, ಮುರಕಲ್ಲಿನ ಪಾಗಾರ, ಅಂಗಳವಿರುವ ಹಳೆಯ ಮನೆಗಳು ಕಾಣಿಸುತ್ತವೆ.

ಅಂಥದ್ದೊಂದು ಅಂಗಳದಲ್ಲಿ ಮೇ ತಿಂಗಳ ಕೊನೆಯಲ್ಲಿ ಒಂದು ಟ್ರಾವೆಲರ್ ವ್ಯಾನು ನಿಂತಿತ್ತು. ಸೀಟುಗಳನ್ನೆಲ್ಲ ತೆಗೆಸಿ, ಎರಡು ಮಂಚ, ಪುಟ್ಟ ಅಡುಗೆ ಕಟ್ಟೆ, ಗೀಸರ್, ಒಂದು ಟನ್ನಿನ ಎಸಿ ಕೂರಿಸಿದ ಮನೆಬಂಡಿ. ಅದರ ಒಡೆಯರಾದ ದಂಪತಿ ಕೆಲಸದಿಂದ ನಿವೃತ್ತರಾದ ಮೇಲೆ ಕರಾವಳಿ ಸುತ್ತಲು ಹೊರಟವರು. ತಂಗಿಯ ಮನೆಯಲ್ಲಿ ತಂಗಿದ್ದರು. ಗಾಡಿಗೆ ಕರೆಂಟು ಕೊಟ್ಟದ್ದು ಮನೆಯ ಪ್ಲಗ್ಗಿನಿಂದ. ಸಿಟೌಟಿನ ಪ್ಲಗ್ಗಿಗೆ ಹಾಕಿದರೆ ಎಲ್ಲವೂ ನಡೆಯುತ್ತಿತ್ತು, ಆದರೆ ಬಾಗಿಲಿನ ಹಿಡಿಕೆ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿತ್ತು. ಅಡುಗೆಮನೆಯ ಹಿಂದಿನ ವರ್ಕ್ ಏರಿಯಾದ ಪ್ಲಗ್ಗಿಗೆ ಹಾಕಿದರೆ ಮನೆಯ ಆರ್‌ಸಿಸಿಬಿ (ಸೋರಿಕೆ ಹಿಡಿಯುವ ಸ್ವಿಚ್ಚು) ಟಪ್ಪೆಂದು ಬೀಳುತ್ತಿತ್ತು. “ಹಿಂದಿನ ಪ್ಲಗ್ ಸರಿ ಇಲ್ಲ, ಮುಂದಿನದ್ದೇ ಇರಲಿ” ಎಂದು ಮನೆಯವರು ತೀರ್ಮಾನಿಸಿದ್ದರು. ಆ ತೀರ್ಮಾನ ಪ್ರಾಣಕ್ಕೇ ಸಂಚಕಾರ ತರಬಹುದಿತ್ತು.

ಯುರೋಪಿನ ಕ್ಯಾಂಪಿಂಗ್ ಜಾಗಗಳಲ್ಲಿ ಗಾಡಿ ನಿಲ್ಲಿಸುವಲ್ಲಿ ಒಂದು ಗಿಡ್ಡ ಕಂಬ, ಅದರಲ್ಲಿ ನೀಲಿ ಬಣ್ಣದ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್, ಅದಕ್ಕೆ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ಸ್ವಿಚ್ಚು ಇರುತ್ತವೆ. ನಮ್ಮಲ್ಲಿ ಕೇರಳ 2021ರಲ್ಲಿ ‘ಕೆರವಾನ್ ಕೇರಳ’ ಆರಂಭಿಸಿತು, ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕಾರವಾನ್ ಪ್ರವಾಸಕ್ಕೆ ಜಾಗವಿತ್ತು. ಗಾಡಿಗಳು ಬಂದಷ್ಟು ಬೇಗ ಕಂಬಗಳು ಬಂದಿಲ್ಲ. ಹಾಗಾಗಿ ನೆಂಟರ ಮನೆ, ಲಾಡ್ಜಿನ ಹಿತ್ತಿಲು, ಪೆಟ್ರೋಲ್ ಬಂಕಿನ ಮೂಲೆ, ಎಲ್ಲಿ ಸಿಕ್ಕಿತೋ ಅಲ್ಲಿಂದ ವೈರು ಎಳೆಯುವುದೇ ರೂಢಿ. ಗಾಡಿ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಅದರ ಸುರಕ್ಷತೆ ಆ ರಾತ್ರಿ ಸಿಕ್ಕಿದ ಪ್ಲಗ್ಗಿನ ಮೇಲೆ ನಿಂತಿರುತ್ತದೆ.

ಕಾವೂರಿನ ಆ ಅಂಗಳಕ್ಕೆ ಪರೀಕ್ಷೆಗೆ ಬಂದ ಎಲೆಕ್ಟ್ರಿಷಿಯನ್ ಯಕ್ಷಗಾನ ಮೇಳಗಳ ರಂಗಸ್ಥಳಕ್ಕೂ ಜಾತ್ರೆಯ ಸಂತೆಗೂ ತಾತ್ಕಾಲಿಕ ಲೈನು ಎಳೆದು ಪಳಗಿದವರು. ಅವರು ಗಾಡಿಯ ಹತ್ತಿರವೇ ಸುಳಿಯಲಿಲ್ಲ. “ಮೊದಲು ಗಾಡಿಯ ವೈರು ಕಳಚಿಡಿ ಅಕ್ಕ. ಮನೆಯ ಪ್ಲಗ್ ಏನು ಹೇಳ್ತದೆ ನೋಡುವ” ಎಂದರು.

ಸಿಟೌಟಿನ ಪ್ಲಗ್ಗಿಗೆ ಮಲ್ಟಿಮೀಟರಿನ ಕಡ್ಡಿ ಹಾಕಿದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ 226 ವೋಲ್ಟ್ ತೋರಿಸಿತು, ಅದು ಸರಿಯೇ. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕಿತ್ತು. ಆದರೆ ಅಂಕೆ 70ರ ಆಸುಪಾಸಿನಲ್ಲಿ ಹೊಯ್ದಾಡುತ್ತಿತ್ತು. ಎಲ್ಲಿಗೂ ಸೇರದ ತಂತಿ ಹೀಗೆಯೇ ಸುಳ್ಳು ಅಂಕೆ ತೋರಿಸುತ್ತದೆ. ಮೈನ್ ಆಫ್ ಮಾಡಿ ಸಾಕೆಟ್ ಬಿಚ್ಚಿದಾಗ ಅರ್ತಿಗೆಂದಿರುವ ಮೇಲಿನ ದೊಡ್ಡ ತೂತಿನ ಹಿಂದೆ ಸ್ಕ್ರೂ ಮಾತ್ರ ಇತ್ತು, ತಂತಿ ಇರಲಿಲ್ಲ. ಮೂರು ತೂತಿದ್ದ ಮಾತ್ರಕ್ಕೆ ಮೂರು ತಂತಿ ಇದೆ ಎಂದು ನಂಬುವ ಹಾಗಿಲ್ಲ. ಹಳೆಯ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾದ ಪ್ಲಗ್ಗುಗಳೂ ಸಿಗುತ್ತವೆ. ನಮ್ಮ ಎದುರಿಗೆ ಬಲಕ್ಕೆ ಫೇಸ್ ಇರಬೇಕು. ಎಡಕ್ಕಿದ್ದರೆ ಗಾಡಿಯೊಳಗೆ ಸ್ವಿಚ್ ಆರಿಸಿದ ಮೇಲೂ ಯಂತ್ರದಲ್ಲಿ ಕರೆಂಟು ಉಳಿದಿರುತ್ತದೆ.

ವರ್ಕ್ ಏರಿಯಾ ಮನೆ ರಿಪೇರಿ ಮಾಡಿಸಿದಾಗ ಹೊಸದಾಗಿ ಸೇರಿದ ಭಾಗ. ಅಲ್ಲಿ ಅರ್ತ್ ಸರಿಯಿತ್ತು, ಲೈನು ಆರ್‌ಸಿಸಿಬಿಯ ಮೂಲಕವೇ ಹಾದು ಬರುತ್ತಿತ್ತು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳದಿದ್ದರೆ, ಎಲ್ಲಿಗೋ ಸೋರುತ್ತಿದೆ ಎಂದು ತಿಳಿದು ಬೀಳುವುದೇ ಆ ಸ್ವಿಚ್ಚಿನ ಕೆಲಸ. ಅದು ತನ್ನ ಕೆಲಸ ಮಾಡುತ್ತಿತ್ತು. ಸೋರಿಕೆ ಗಾಡಿಯೊಳಗಿತ್ತು, ಸಿಟೌಟಿನ ಪ್ಲಗ್ಗಿನಲ್ಲಿ ಅದನ್ನು ಹಿಡಿಯುವವರು ಯಾರೂ ಇರಲಿಲ್ಲ, ಅಷ್ಟೆ.

ಗಾಡಿಯ ಮೈ ರಬ್ಬರ್ ಟಯರುಗಳ ಮೇಲೆ ಕುಳಿತಿರುತ್ತದೆ. ಸೋರಿದ ಕರೆಂಟಿಗೆ ಅರ್ತ್ ತಂತಿಯ ದಾರಿ ಇಲ್ಲದಿದ್ದರೆ ಇಡೀ ತಗಡು ಮೈಯೇ ಫೇಸ್ ತಂತಿಯಂತಾಗುತ್ತದೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಅವರೂ ಅದೇ ವೋಲ್ಟೇಜಿನಲ್ಲಿ ಇರುತ್ತಾರೆ. ಒಂದು ಕಾಲು ಒದ್ದೆ ನೆಲದಲ್ಲಿ, ಕೈ ಹಿಡಿಕೆಯ ಮೇಲೆ ಇರುವ ಆ ಒಂದು ಗಳಿಗೆಯಲ್ಲೇ ಅಪಾಯ. ಬೇಸಿಗೆಯ ಒಣ ಅಂಗಳದಲ್ಲಿ, ಕಾಲಲ್ಲಿ ಚಪ್ಪಲಿ ಇದ್ದಾಗ ಬರೀ ಜುಮ್ಮೆಂದ ಗಾಡಿ ಜೂನಿನ ಮೊದಲ ಮಳೆಗೆ ಬರಿಗಾಲಿನವರನ್ನು ಕೊಲ್ಲಬಲ್ಲದು. ‘ಸಣ್ಣ ಶಾಕ್, ಪರವಾಗಿಲ್ಲ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಲ್ಯಾಪ್‌ಟಾಪ್ ಚಾರ್ಜರಿನಂಥವೂ ಅರ್ತ್ ಇಲ್ಲದಾಗ ಅಷ್ಟಿಷ್ಟು ಜುಮ್ಮೆನಿಸುವುದು ನಿಜ. ಆದರೆ ಯಾವುದು ಚಾರ್ಜರಿನದು, ಯಾವುದು ಕೊಲ್ಲುವ ಸೋರಿಕೆ ಎಂದು ಕೈಗೆ ತಿಳಿಯುವುದಿಲ್ಲ.

ಇನ್ನು ಗಾಡಿಯೊಳಗಿನ ಹುಡುಕಾಟ. ಎಲ್ಲ ಎಂಸಿಬಿ ಆಫ್ ಮಾಡಿ ವರ್ಕ್ ಏರಿಯಾದಿಂದ ಲೈನು ಕೊಟ್ಟು, ಒಂದೊಂದಾಗಿ ಏರಿಸುವುದು ಸಾಮಾನ್ಯ ಕ್ರಮ. ಇಲ್ಲಿ ಎಲ್ಲವೂ ಆಫ್ ಇದ್ದಾಗಲೂ ಆರ್‌ಸಿಸಿಬಿ ಬಿತ್ತು. ದಂಪತಿ ಗಾಬರಿಯಾದರು. ಎಲೆಕ್ಟ್ರಿಷಿಯನ್ ಆಗಲಿಲ್ಲ. ಒಂಟಿ ಪೋಲಿನ ಎಂಸಿಬಿ ಫೇಸನ್ನಷ್ಟೇ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೆಯೇ ಜೋಡಿಕೊಂಡಿರುತ್ತದೆ. ಯಾವುದಾದರೂ ಯಂತ್ರದೊಳಗೆ ನ್ಯೂಟ್ರಲ್ ಮೈಗೆ ತಾಗಿದ್ದರೂ ಸಾಕು, ಮನೆಯ ಬೇರೆ ಲೋಡುಗಳ ಕರೆಂಟಿನಲ್ಲೇ ಒಂದು ಪಾಲು ಆ ದಾರಿಯಲ್ಲಿ ಸೋರಿ ಸ್ವಿಚ್ಚು ಬೀಳುತ್ತದೆ. ಇನ್ವರ್ಟರಿನಿಂದಲೂ ಇದೇ ತೊಂದರೆ ಬರುವುದುಂಟು. ಬ್ಯಾಟರಿಯಲ್ಲಿ ಓಡುವಾಗ ಕೆಲವು ಇನ್ವರ್ಟರುಗಳು ನ್ಯೂಟ್ರಲ್ಲನ್ನು ಅರ್ತಿಗೆ ಜೋಡಿಸಿಕೊಳ್ಳುತ್ತವೆ. ಹೊರಗಿನ ಲೈನು ಬಂದಾಗ ಅದನ್ನು ಬಿಡಬೇಕು. ರಿಲೇ ಅಂಟಿಕೊಂಡರೆ ಬಿಡುವುದಿಲ್ಲ.

ಹೊರಗಿನ ಲೈನು ತೆಗೆದು, ಇನ್ವರ್ಟರ್ ಬೇರ್ಪಡಿಸಿ, ಒಂದೊಂದೇ ಯಂತ್ರದ ತಂತಿ ಕಳಚಿ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದರು. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಕಾಣದ ತೇವ 500 ವೋಲ್ಟಿನ ಮೆಗ್ಗರಿಗೆ ಕಾಣುತ್ತದೆ. ಎಸಿ, ಫ್ರಿಜ್ಜು, ಚಾರ್ಜರ್ ಪಾಸಾದವು. ಗೀಸರಿಗೆ ಬಂದಾಗ ಮುಳ್ಳು ಸೊನ್ನೆಗೆ ಬಿತ್ತು. ಮುಚ್ಚಳ ಬಿಚ್ಚಿದರೆ ಕಾಯಿಲಿನ ಬುಡದಲ್ಲಿ ಹಸಿರು ಕಿಲುಬು, ಅದರ ಸುತ್ತ ಉಪ್ಪಿನ ಬಿಳಿ ಗೆರೆ, ವಾಷರಿನಿಂದ ಜಿನುಗಿ ಟರ್ಮಿನಲ್‌ವರೆಗೆ ಹರಿದ ನೀರಿನ ಗುರುತು. ಸಮುದ್ರದ ಗಾಳಿಯಲ್ಲಿ ಸುತ್ತುವ ಗಾಡಿಗೆ ಇದು ಹೊಸತೇನಲ್ಲ. ಕಾಯಿಲ್, ವಾಷರ್ ಬದಲಾಯಿಸಿದರು; ಆರ್‌ಸಿಸಿಬಿ ನಿಂತಿತು.

ಆಮೇಲೆ ಅವರು ಹೋದದ್ದು ಪಾಗಾರದ ಬದಿಯ ಅರ್ತ್ ಗುಂಡಿಗೆ. ಮುರಕಲ್ಲಿನ ನೆಲ ಮಳೆನೀರನ್ನು ಹೀರುತ್ತದೆ, ಆದರೆ ಹಿಡಿದಿಟ್ಟುಕೊಳ್ಳುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಗುಂಡಿ ಒಣಗಿ ಅರ್ತಿನ ರೋಧ ಏರುತ್ತದೆ. 50 ಓಮ್ ಇದೆಯೆಂದುಕೊಳ್ಳಿ: ಫೇಸ್ ನೇರವಾಗಿ ಮೈಗೆ ತಾಗಿದರೂ ನೆಲಕ್ಕೆ ಹರಿಯುವುದು ಐದು ಆಂಪಿಯರಿಗಿಂತ ಕಡಿಮೆ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಬೀಳುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮಾತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೀಳುತ್ತದೆ. ಕರಾವಳಿಯಲ್ಲಿ ಅದನ್ನು ಬೈಪಾಸ್ ಮಾಡಿಕೊಡುವವನು ಎಷ್ಟೇ ಪರಿಚಿತನಾದರೂ ಅಂಗಳಕ್ಕೆ ಸೇರಿಸಬಾರದು. ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು, ಪೈಪಿನ ತಲೆಯ ಕ್ಲಾಂಪು ತುಕ್ಕು ಹಿಡಿದಿದೆಯೇ ಎಂದು ಬಿಚ್ಚಿ ನೋಡಬೇಕು. ಸಿಟೌಟಿನ ಪ್ಲಗ್ಗಿಗೆ ಅಲ್ಲಿಂದ ಹೊಸ ಅರ್ತ್ ತಂತಿ ಎಳೆದರು, ಆ ಲೈನಿಗೂ ಆರ್‌ಸಿಸಿಬಿ ಹಾಕಿದರು.

ಸಂಜೆಗೆ ಮತ್ತೊಂದು ದೂರು: ಎಸಿಯ ಕಂಪ್ರೆಸರ್ ಗುಂಯ್ ಎಂದು ನಿಲ್ಲುತ್ತಿತ್ತು. ತಂದಿದ್ದ ವೈರು 30 ಮೀಟರಿನದು, ಒಂದು ಚದರ ಮಿಲಿಮೀಟರ್ ದಪ್ಪ, ಅರ್ಧ ಸುರುಳಿಯಲ್ಲೇ ಇತ್ತು. 12 ಆಂಪಿಯರ್ ಎಳೆದರೆ ಅಂಥ ವೈರಿನಲ್ಲೇ 13 ವೋಲ್ಟ್ ಕಳೆದುಹೋಗುತ್ತದೆ; ಕಂಪ್ರೆಸರ್ ಏಳುವಾಗ ಎಳೆಯುವುದು ಅದಕ್ಕಿಂತ ಹೆಚ್ಚು. ಸುರುಳಿ ಮುಟ್ಟಿದರೆ ಬೆಚ್ಚಗಿತ್ತು. ಎರಡೂವರೆ ಚದರ ಮಿಲಿಮೀಟರಿನ ಮೂರು ಕೋರಿನ ತಾಮ್ರದ ವೈರು ತಂದು ಪೂರ್ತಿ ಬಿಚ್ಚಿ ಹಾಸಿದಾಗ ಎಸಿ ಎದ್ದಿತು. 16 ಆಂಪಿಯರ್ ಎಂದರೆ ಒಟ್ಟು 3.6 ಕಿಲೊವ್ಯಾಟ್, ಎಸಿ, ಗೀಸರ್, ಕೆಟಲ್ ಮೂರನ್ನೂ ಒಟ್ಟಿಗೆ ಹಾಕುವ ಆಸೆ ಬಿಡಬೇಕು.

“ಜೋಡಿಸುವಾಗ ಮೊದಲು ಗಾಡಿಗೆ, ಆಮೇಲೆ ಮನೆಗೆ. ಕಳಚುವಾಗ ಮೊದಲು ಮನೆಯದ್ದು ತೆಗೀರಿ. ಇಲ್ಲದಿದ್ದರೆ ಕೈಯಲ್ಲಿರೋ ತುದಿಯಲ್ಲಿ ಕರೆಂಟು ಇರ್ತದೆ” ಎಂದರು, ವೈರು ಸುತ್ತುತ್ತಾ. ಲೈಟು ಉರಿಯುತ್ತಿದೆ ಎಂದು ಹೊರಗಿನ ಲೈನು ಇದೆ ಎಂದುಕೊಳ್ಳಬೇಡಿ, ಬ್ಯಾಟರಿಯಿಂದಲೂ ಉರಿಯುತ್ತದೆ, ಬೆಳಿಗ್ಗೆ ಫ್ರಿಜ್ಜು ನಿಂತಾಗಲೇ ಗೊತ್ತಾಗುವುದು ಎಂದೂ ಸೇರಿಸಿದರು. ಕಂಬದಿಂದಲೇ ವೋಲ್ಟೇಜ್ ಇಳಿದಿದ್ದರೆ, ಇಲ್ಲವೇ ಬಲ್ಬು ಒಮ್ಮೆ ಮಂಕಾಗಿ ಒಮ್ಮೆ ಕಣ್ಣು ಕುಕ್ಕುವಷ್ಟು ಉರಿದರೆ, ನ್ಯೂಟ್ರಲ್ ಸಡಿಲವಾಗಿರಬಹುದು. ಆಗ ಗಾಡಿಯನ್ನು ತಕ್ಷಣ ಕಳಚಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಬೇಕು.