ಶರತ್ಕಾಲದ ಒಂದು ಪಕ್ಷಿನೋಟ

ಇಪ್ಪತ್ತು ವರ್ಷ ಲೆಕ್ಕಪತ್ರಗಳ ನಡುವೆ ಕಳೆದವನು ಅಂಕಿಗಳಿಗೆ ಅಂಜಬಾರದು. ಆದರೆ ಕಳೆದ ವರ್ಷ ಬೇಸಿಗೆಯಲ್ಲಿ ವೈದ್ಯರು ನನ್ನ ರಕ್ತದೊತ್ತಡವನ್ನು ಅಳೆದು 154/98 ಎಂದು ಬರೆದುಕೊಟ್ಟಾಗ ನಾನು ನಿಜವಾಗಿಯೂ ಅಂಜಿದೆ. ನನ್ನ ತಂದೆಯವರು ಪಾರ್ಶ್ವವಾಯುವಿಗೆ ತುತ್ತಾದದ್ದು 52ನೆಯ ವಯಸ್ಸಿನಲ್ಲಿ; ನನಗೀಗ 46. ಮಾತ್ರೆ, ಉಪ್ಪಿನಲ್ಲಿ ಮಿತಿ, ದಿನವೂ ನಡಿಗೆ ಎಂದು ವೈದ್ಯರು ವಿಧಿಸಿದರು. ಮೊದಲೆರಡನ್ನು ಪಾಲಿಸಿದೆ. ನಡಿಗೆ ಮಾತ್ರ ನಾಳೆಯಿಂದ ನಾಳೆಗೆ ಸರಿಯುತ್ತಲೇ ಹೋಯಿತು.

ಅಕ್ಟೋಬರ್ 2, ಗಾಂಧಿ ಜಯಂತಿ, ಬ್ಯಾಂಕಿಗೆ ರಜೆ. ತಂದೆಯವರು ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಕಡೆಯ ಹಳ್ಳಿಯನ್ನು ಬಿಟ್ಟು ಬಂದ ಅಮ್ಮ, ದೆಹಲಿಯ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಮಾತು ಮರೆತವರಂತೆ ಕುಳಿತಿರುತ್ತಿದ್ದರು. ಅಂದು ಅವರನ್ನೂ ಒಡಗೂಡಿಕೊಂಡು ಬೆಳಗಿನ ಆರೂವರೆಗೆ ಲೋದಿ ಉದ್ಯಾನಕ್ಕೆ ಹೋದೆ.

ಸುಮಾರು 90 ಎಕರೆಗಳ ಈ ಉದ್ಯಾನವು 1936ರಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಎಂಬ ಹೆಸರಿನಿಂದ ಆರಂಭವಾಯಿತು. ಸಯ್ಯದ್ ಹಾಗೂ ಲೋದಿ ಅರಸರ ಗೋರಿಗಳ ಸುತ್ತಲಿನ ಹಳೆಯ ಮರಗಳು ಇಂದು ಹಕ್ಕಿಗಳ ಧರ್ಮಛತ್ರವಾಗಿವೆ. ಅತ್ತಿಯ ಜಾತಿಯ ಮರಗಳಲ್ಲಿ ಹಸಿರು ಪಾರಿವಾಳಗಳು ಎಲೆಗಳೊಡನೆ ಎಲೆಯಾಗಿ ಕುಳಿತಿದ್ದವು. ಬೂದುಬಣ್ಣದ ಮಂಗಟ್ಟೆಯೊಂದು ರೆಕ್ಕೆ ಬಡಿದು, ತೇಲಿ, ಮತ್ತೆ ಬಡಿದು ಹಾದುಹೋಯಿತು. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು ಒಳಗೇ ಉಳಿಯುತ್ತದೆ. ಗಂಡು ಒಂದು ಸೀಳಿನ ಮೂಲಕ ಆಹಾರವನ್ನು ತಂದುಣಿಸುತ್ತದೆ.

ಹುಲ್ಲಿನ ಮೇಲೆ ಬಾಲವನ್ನು ಕುಣಿಸುತ್ತ ಓಡುತ್ತಿದ್ದ ಬಿಳಿ-ಬೂದು ಬಣ್ಣದ ಪುಟ್ಟ ಹಕ್ಕಿಯನ್ನು ಕಂಡು ಅಮ್ಮ ಥಟ್ಟನೆ ನಿಂತರು. "ಅಲ್ಲೋ, ಅದು ಕುಂಡೆಕುಸ್ಕ ಅಲ್ವೇನೋ?" ಎಂದು ಸೆರಗನ್ನು ಬಾಯಿಗಿಟ್ಟು ನಕ್ಕರು. ಎಂಟು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು ಅದು. ಹಿಮಾಲಯದ ಕಡೆಯಿಂದಲೂ ಅದರಾಚೆಯಿಂದಲೂ ಚಳಿಗಾಲಕ್ಕೆಂದು ಬಯಲುಸೀಮೆಗಿಳಿಯುವ ಈ ಹಕ್ಕಿಯೂ ನಮ್ಮಂತೆ ವಲಸಿಗನೇ.

ಗೋರಿಯೊಂದರ ಬಳಿ, ಹಳೆಯ ಮರದ ಪೊಟರೆಯಲ್ಲಿ ಎರಡು ಚುಕ್ಕೆಗೂಬೆಗಳು ಮೈಗೆ ಮೈ ತಾಗಿಸಿ ಕುಳಿತು ಹಳದಿ ಕಣ್ಣುಗಳಿಂದ ನಮ್ಮನ್ನೇ ನೋಡುತ್ತಿದ್ದವು. ಅಮ್ಮ ದನಿ ತಗ್ಗಿಸಿ, "ಹಾಲಕ್ಕಿ" ಎಂದರು. ಬುಡಬುಡಿಕೆಯವರ ಬಾಯಲ್ಲಿ ಬಾಲ್ಯವಿಡೀ ಕೇಳಿದ್ದ ಹಕ್ಕಿಯ ಮುಖವನ್ನು ನಾನು ಕಂಡದ್ದು ಅಂದೇ, ಅದೂ ದೆಹಲಿಯಲ್ಲಿ! ಆಮೇಲೆ ಅಮ್ಮನ ಮಾತು ನಿಲ್ಲಲಿಲ್ಲ. ಊರಿನ ಅಡಕೆ ತೋಟ, ಹಿತ್ತಲಿನ ಹಲಸಿನ ಮರ, ಕೊನೆಗೆ ತಂದೆಯವರ ಕಡೆಯ ದಿನಗಳು. ನಾನು ಕೇಳಿಸಿಕೊಳ್ಳುತ್ತ ನಡೆದೆ.

ಆ ದಿನಕ್ಕೆ ಇನ್ನೊಂದು ಔಚಿತ್ಯವೂ ಇತ್ತು. 1950ರಲ್ಲಿ ದೆಹಲಿಯ ಪಕ್ಷಿವೀಕ್ಷಕರ ಸಂಘವನ್ನು ಸ್ಥಾಪಿಸಿದವರಲ್ಲೊಬ್ಬರಾದ ಹೊರೇಸ್ ಅಲೆಕ್ಸಾಂಡರ್ ಅವರು ಗಾಂಧೀಜಿಯವರ ಆಪ್ತಮಿತ್ರರು; 1947ರ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಅವರ ಜೊತೆಗಿದ್ದವರು.

ಆರೋಗ್ಯದ ದೃಷ್ಟಿಯಿಂದ ಎರಡು ಮಾತು. ಹಕ್ಕಿಯನ್ನು ನೋಡುತ್ತ ನಿಲ್ಲುವುದೇ ವ್ಯಾಯಾಮವಾಗದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ವಯಸ್ಕರಿಗೆ ಅಗತ್ಯವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಮೊದಲು ಬಿರುಸಿನ ಒಂದು ಸುತ್ತು, ಅನಂತರ ಹಕ್ಕಿ. ಕಂಪ್ಯೂಟರಿಗೆ ಅಂಟಿಕೊಂಡ ಕಣ್ಣುಗಳಿಗೂ ದೂರದ ನೋಟದಿಂದ ವಿಶ್ರಾಂತಿ ದೊರೆಯುತ್ತದೆ. ಆದರೆ ಅಕ್ಟೋಬರ್ ಕಳೆಯುತ್ತಿದ್ದಂತೆ ದೆಹಲಿಯ ಗಾಳಿ ಕೆಡುವುದರಿಂದ, ವಾಯು ಗುಣಮಟ್ಟ ಸೂಚ್ಯಂಕ 300 ಮೀರಿದ ದಿನ ಮನೆಯಲ್ಲಿರುವುದೇ ಲೇಸು. ನಡಿಗೆ ಹಿಡಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದೂ ಸಲ್ಲದು.

ಮೊನ್ನೆಯ ಪರೀಕ್ಷೆಯಲ್ಲಿ ನನ್ನ ಅಂಕಿ 134/84. ಮಾತ್ರೆಗೆಷ್ಟು ಜಮಾ, ನಡಿಗೆಗೆಷ್ಟು ಜಮಾ ಎಂದು ವಿಂಗಡಿಸಲು ನನಗೆ ಬಾರದು. ಈಗ ಭಾನುವಾರ ನಾನು ಎದ್ದು ಬರುವಷ್ಟರಲ್ಲಿ ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾರೆ.