ತಂತಿ ಹೋಗಲಾರದ ಕಡೆಗೆ ಬೆಳಕು

ಒಡಿಶಾದ ತಾಲ್ಚೇರ್‌ನಿಂದ ಹೊರಟ ±500 ಕಿಲೋವೋಲ್ಟ್‌ನ ಡಿಸಿ ಲೈನು ಸುಮಾರು 1,370 ಕಿ.ಮೀ. ದಾಟಿ ಕೋಲಾರಕ್ಕೆ ಬರುತ್ತದೆ. ಅಲ್ಲಿ ಅದನ್ನು ಮತ್ತೆ ಎಸಿ ಮಾಡುವುದು ಸಾಲಾಗಿ ಜೋಡಿಸಿದ ಸೆಮಿಕಂಡಕ್ಟರ್ ಸ್ವಿಚ್ಚುಗಳು, ಅಂದರೆ ಥೈರಿಸ್ಟರ್‌ಗಳು. ಒಂದೊಂದೂ ನೆಲಕ್ಕಿಂತ ಬೇರೆಬೇರೆ ವೋಲ್ಟೇಜಿನಲ್ಲಿ ಕೂತಿರುತ್ತದೆ, ಆದರೆ ಎಲ್ಲವೂ ಒಟ್ಟಿಗೇ ಆನ್ ಆಗಬೇಕು. ಒಂದು ತಡಮಾಡಿದರೆ ಉಳಿದವುಗಳ ಪಾಲಿನ ವೋಲ್ಟೇಜೂ ಅದರ ಮೇಲೇ ಬಿದ್ದು ಅದು ಸುಟ್ಟುಹೋಗುತ್ತದೆ.

ಅಷ್ಟು ಎತ್ತರದ ವೋಲ್ಟೇಜಿಗೆ ‘ಈಗ ಆನ್ ಆಗು’ ಎಂಬ ಅಪ್ಪಣೆ ಮುಟ್ಟಿಸುವುದು ಹೇಗೆ? ತಾಮ್ರದ ತಂತಿ ಎಳೆದರೆ ಅದೇ ದಾರಿಯಲ್ಲಿ ಲಕ್ಷಾಂತರ ವೋಲ್ಟ್ ಕೆಳಗಿಳಿದುಬರುತ್ತದೆ. ಸ್ವೀಡನ್ನಿನ ಗಾಟ್‌ಲ್ಯಾಂಡ್ ಡಿಸಿ ಯೋಜನೆಗೆ 1970ರಲ್ಲಿ ಥೈರಿಸ್ಟರ್‌ಗಳು ಬಂದಾಗಿನಿಂದ ಈ ಪ್ರಶ್ನೆ ಎಂಜಿನಿಯರುಗಳ ಮುಂದಿತ್ತು.

ಉತ್ತರ ಸಿದ್ಧವಾಗುತ್ತಿದ್ದದ್ದು ಟೆಲಿಫೋನಿನವರ ಕೈಯಲ್ಲಿ. ಗಾಜಿನ ಕಲ್ಮಶ ತೆಗೆದರೆ ಬೆಳಕನ್ನು ಬಹುದೂರ ಕಳಿಸಬಹುದೆಂದು ಚಾರ್ಲ್ಸ್ ಕಾವ್ ಮತ್ತು ಹಾಕ್‌ಹ್ಯಾಮ್ 1966ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟವಾಗುವ ಎಳೆಯನ್ನು ಕಾರ್ನಿಂಗ್ ಕಂಪನಿಯ ಮೂವರು 1970ರಲ್ಲಿ ಎಳೆದೂ ಬಿಟ್ಟರು. ಅವರಿಗೆ ಬೇಕಿದ್ದದ್ದು ದೂರ ಮತ್ತು ಒಂದೇ ಎಳೆಯಲ್ಲಿ ಸಾವಿರಾರು ಕರೆಗಳು. ವಿದ್ಯುತ್ತಿನವರಿಗೆ ಹತ್ತಾರು ಮೀಟರ್ ಸಾಕಿತ್ತು. ಅವರ ಕಣ್ಣು ಬಿದ್ದದ್ದು ಟೆಲಿಫೋನಿನವರಿಗೆ ಅಷ್ಟಾಗಿ ಬೇಕಿಲ್ಲದ ಗುಣದ ಮೇಲೆ: ಗಾಜು ವಿದ್ಯುತ್ತನ್ನು ಹರಿಸುವುದಿಲ್ಲ. ಈ ಇಡೀ ಕತೆಯಲ್ಲಿ ನನಗೆ ಬಹಳ ಇಷ್ಟವಾಗುವ ಘಟ್ಟ ಇದು. ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡ್ ನಡುವೆ 2001ರಲ್ಲಿ ಬಂದ ಮಾಯ್ಲ್ ಲೈನಿನಲ್ಲಂತೂ ಬೆಳಕೇ ನೇರವಾಗಿ ಥೈರಿಸ್ಟರಿನ ಮೇಲೆ ಬಿದ್ದು ಅದನ್ನು ಆನ್ ಮಾಡುತ್ತದೆ.

ಅಷ್ಟರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಜಯಂತ್ ಬಾಳಿಗಾ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಐಜಿಬಿಟಿ ಎಂಬ ವೇಗದ ಸ್ವಿಚ್ಚನ್ನು ರೂಪಿಸಿದ್ದರು. ಅದರೊಂದಿಗೆ ಇದೇ ತೊಂದರೆ ಚಿಕ್ಕ ಇನ್ವರ್ಟರ್‌ಗಳಿಗೂ ಬಂತು. ಮೈಕ್ರೋಸೆಕೆಂಡಿಗೆ 10,000 ವೋಲ್ಟ್ ವೇಗದಲ್ಲಿ ಸ್ವಿಚ್ ಆಗುವಾಗ, ಅದಕ್ಕೂ ಕಂಟ್ರೋಲ್ ಸರ್ಕ್ಯೂಟಿಗೂ ನಡುವೆ ಬರೀ 10 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದ್ದರೂ 0.1 ಆಂಪಿಯರ್ ಕರೆಂಟು ಅತ್ತ ನುಗ್ಗುತ್ತದೆ. ಆನ್ ಆಗಬಾರದ ಸ್ವಿಚ್ಚು ಆನ್ ಆಗಲು ಅಷ್ಟು ಸಾಕು.

ಆದ್ದರಿಂದ ಈಗ ಕಂಟ್ರೋಲ್ ಬೋರ್ಡಿನ ಅಂಚಿನಲ್ಲಿ ಬೂದುಬಣ್ಣದ ಟ್ರಾನ್ಸ್‌ಮಿಟರ್‌ಗಳು, ನೀಲಿ ರಿಸೀವರ್‌ಗಳು. ನಡುವೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಫೈಬರ್. ಅದರ ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿ 600 ನಂಬರಿನ ಉಜ್ಜುಕಾಗದದ ಮೇಲೆ ನಯಮಾಡಿದರೆ ಆಯಿತು. 660 ನ್ಯಾನೋಮೀಟರಿನ ಕೆಂಪು ಬೆಳಕು ಕಣ್ಣಿಗೇ ಕಾಣುತ್ತದೆ.

ಬೋರ್ಡನ್ನು ಮೊದಲು ಸಜ್ಜುಮಾಡುವವರು ಸೂಕ್ಷ್ಮವಾಗಿ ನೋಡಬೇಕಾದದ್ದು ಬೇರೆಯೇ. ಬಹಳ ಬಳಕೆಯಲ್ಲಿರುವ ಈ ರಿಸೀವರಿನ ಔಟ್‌ಪುಟ್ ಬೆಳಕು ಬಿದ್ದಾಗ ಲೋ, ಕತ್ತಲಲ್ಲಿ ಹೈ. ಐಜಿಬಿಟಿಯನ್ನು ನಡೆಸುವ ಗೇಟ್ ಡ್ರೈವರ್ ‘ಹೈ’ಯನ್ನು ಆನ್ ಎಂದು ಓದಿಕೊಂಡರೆ, ಫೈಬರ್ ಕಿತ್ತುಬಂದ ಕ್ಷಣ ಐಜಿಬಿಟಿ ಆನ್ ಆಗಿಯೇ ಉಳಿಯುತ್ತದೆ, ಅದರ ಜೋಡಿ ಸ್ವಿಚ್ಚೂ ಆನ್ ಆದರೆ ಡಿಸಿ ಸಪ್ಲೈ ನೇರ ಶಾರ್ಟ್. ಅದಕ್ಕೇ ಸಿಗ್ನಲನ್ನು ಅಲ್ಲಿ ತಿರುಗಿಸಿಕೊಳ್ಳಬೇಕು: ಕತ್ತಲೆಂದರೆ ಆಫ್. ಎಫ್‌ಪಿಜಿಎ ಎಂಬ ಕಂಟ್ರೋಲ್ ಚಿಪ್ ಇನ್ನೂ ಪ್ರೋಗ್ರಾಂ ಲೋಡ್ ಮಾಡಿಕೊಳ್ಳುತ್ತಿರುವಾಗಲೂ ಟ್ರಾನ್ಸ್‌ಮಿಟರ್‌ಗಳ ಎಲ್‌ಇಡಿಗಳು ಆರಿರಬೇಕು. ಒಂದು ಪುಲ್‌ಡೌನ್ ರೆಸಿಸ್ಟರ್ ಆ ಕೆಲಸ ಮಾಡುತ್ತದೆ. ಸ್ವಿಚ್ಚಿನ ಸ್ಥಿತಿ ತಿಳಿಸಲು ಅಲ್ಲಿಂದ ವಾಪಸ್ ಬರುವ ಫೈಬರಿನಲ್ಲಿ ಎಲ್ಲ ಸರಿಯಿದ್ದಾಗ ಬೆಳಕು ಉರಿಯುತ್ತಿರಬೇಕು, ತೊಂದರೆಯಾದರೆ ಆರಬೇಕು. ಆಗ ಯಾವ ಎಳೆ ಕಡಿದರೂ ಯಂತ್ರ ನಿಲ್ಲುತ್ತದೆ.