ಮಂಗಳೂರಿನ ಯಹೂದಿ ವರ್ತಕ

ಅಮಾನತ್ ಕುರಿತ ಖುತ್ಬಾದಲ್ಲಿ, ಪ್ರವಾದಿಯವರು(ಸ) ತಮ್ಮ ಯುದ್ಧಕವಚವನ್ನು ಮದೀನಾದ ಯಹೂದಿಯೊಬ್ಬನ ಬಳಿ ಅಡವಿಟ್ಟು ಮನೆಗೆ ಧಾನ್ಯ ತಂದಿದ್ದನ್ನು ಹೇಳಿದ್ದೆ. ನಮಾಝ್ ಮುಗಿದ ಮೇಲೆ ಇಬ್ಬರು ಯುವಕರು ಬಂದು, "ಹಜ್ರತ್, ಯಹೂದಿಗಳ ಜೊತೆ ನಮಗೆಂಥ ವ್ಯವಹಾರ?" ಎಂದು ಕೇಳಿದರು. ಟಿ.ವಿ. ಸುದ್ದಿ ನೋಡಿ ಬೆಳೆದವರಿಗೆ ಈ ಪ್ರಶ್ನೆ ಸಹಜ. ಆದರೆ ಇಂದಿನ ಒಂದು ಸರ್ಕಾರದ ಅನ್ಯಾಯವನ್ನು ಇಡೀ ಜನಾಂಗದ ತಲೆಗೆ ಕಟ್ಟುವುದು ಇನ್ಸಾಫ್ ಅಲ್ಲ. ಆ ವ್ಯವಹಾರ ನಮ್ಮ ಮಂಗಳೂರಿನಲ್ಲೇ ನಡೆದಿದೆ.

ಟುನೀಶಿಯಾದ ಮಹ್ದಿಯಾ ಪಟ್ಟಣದ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವರ್ತಕ 1132ರಿಂದ 1149ರವರೆಗೆ, ಅಂದರೆ ಸುಮಾರು 17 ವರ್ಷ, ಹೆಚ್ಚಾಗಿ ಮಂಗಳೂರಿನಲ್ಲೇ ಇದ್ದ. ಆಶು ಎಂಬ ದಾಸಿಯನ್ನು 1132ರ ಅಕ್ಟೋಬರ್ 17ರಂದು ಅಲ್ಲಿಯೇ ಬಿಡುಗಡೆ ಮಾಡಿದ. ಆಕೆಯನ್ನೇ ಮದುವೆಯಾದನೆಂದು ಸಂಶೋಧಕರು ಹೇಳುತ್ತಾರೆ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳಿಸುತ್ತಿದ್ದ. ಅಲ್ಲಿಂದ ಒಡೆದ ತಾಮ್ರದ ಪಾತ್ರೆಗಳು ಬರುತ್ತಿದ್ದವು. ತನ್ನ ಕಾರ್ಖಾನೆಯಲ್ಲಿ ಅವನ್ನು ಕರಗಿಸಿ ಹೊಸದು ಮಾಡಿಸುತ್ತಿದ್ದ. ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವೂ ಬರುತ್ತಿತ್ತು. ತಾಳೆಗರಿಯ ಮೇಲೆ ಬರೆಯುವ ನಾಡಿನಲ್ಲಿ ಕಾಗದಕ್ಕೆ ಬಲು ಬೆಲೆ!

ಇದೆಲ್ಲ ತಿಳಿದದ್ದು ಅವನ ಕಾಗದಪತ್ರಗಳಿಂದಲೇ. ದೇವರ ಹೆಸರಿರುವ ಕಾಗದವನ್ನು ಕಸಕ್ಕೆ ಎಸೆಯಬಾರದೆಂಬುದು ಯಹೂದಿಗಳ ಪದ್ಧತಿ. ಹರಿದ ಮುಸ್‌ಹಫ್ ಹಾಳೆಗಳನ್ನು ನಾವು ಜೋಪಾನವಾಗಿ ತೆಗೆದಿಡುವುದಿಲ್ಲವೇ, ಹಾಗೆ. ಹಳೆಯ ಕೈರೋದ ಬೆನ್ ಎಝ್ರಾ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಇಂಥ ಕಾಗದಗಳು ನೂರಾರು ವರ್ಷ ಬಿದ್ದಿದ್ದವು. 1896-97ರಲ್ಲಿ ಸುಮಾರು ಎರಡು ಲಕ್ಷ ತುಣುಕುಗಳು ಕೇಂಬ್ರಿಡ್ಜ್ ಸೇರಿದವು. ಆ ವರ್ತಕರ ಪತ್ರಗಳ ಲಿಪಿ ಹೀಬ್ರೂ, ಭಾಷೆ ಮಾತ್ರ ಅರಬಿ!

ಸರಕು ಸಾಗಿದ್ದು ಯಾರ ಹಡಗಿನಲ್ಲಿ? ಸಿರಾಫಿನ ರಾಮಿಷ್ತ್ ಎಂಬ ಶ್ರೀಮಂತ ಮುಸ್ಲಿಂ ಹಡಗುದಾರನ ಹೆಸರು ಆ ಪತ್ರಗಳಲ್ಲಿದೆ. ಕಅಬಾಕ್ಕೆ ಚೀನಾ ರೇಷ್ಮೆಯ ಕಿಸ್ವಾ ಹೊದಿಸಿದವನು ಇವನೇ. ಯಹೂದಿಗಳ ಮಾಲೂ ಅವನ ಹಡಗುಗಳಲ್ಲಿ ಬರುತ್ತಿತ್ತು. 'ಪಟ್ಟಣಸ್ವಾಮಿ' ಎಂಬ ನಮ್ಮವರ ಬಿರುದೂ ಅರಬಿಯಲ್ಲಿ 'ಫತನ್ ಸ್ವಾಮಿ'ಯಾಗಿ ಕಾಣುತ್ತದೆ. ಬಿನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡುತ್ತಿದ್ದ ಗುಲಾಮನ ಹೆಸರನ್ನು 'ಬೊಮ್ಮ' ಎಂದು ಓದಬೇಕೆಂದು ಲೇಖಕ ಅಮಿತಾವ್ ಘೋಷ್ ಅವರಿಗೆ ಸೂಚಿಸಿದವರು ಪ್ರೊ. ಬಿ.ಎ. ವಿವೇಕ ರೈ. ಹಾಗೆಂದು ಎಲ್ಲರೂ ಸತ್ಯವಂತರೇನಲ್ಲ. ಏಲಕ್ಕಿಗೆ ಮುಂಗಡ ಪಡೆದ ಸ್ಥಳೀಯನೊಬ್ಬ ಸರಕು ಕೊಡದೆ ವರ್ಷಗಟ್ಟಲೆ ಸತಾಯಿಸಿದ. ರಾಮನಗರದ ಗೂಡಿನ ಮಾರುಕಟ್ಟೆಯವರಿಗೆ ಇದೇನೂ ಹೊಸ ಕಥೆಯಲ್ಲ.

ಮುಚ್ಚಿಡಬಾರದ ಒಂದು ಮಾತೂ ಇದೆ. ಅದೇ ಕಾಲದಲ್ಲಿ ಮಗ್ರಿಬ್ ಮತ್ತು ಸ್ಪೇನಿನಲ್ಲಿ ಮುವಹ್ಹಿದೂನ್ ಅರಸರು ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿದರು. ಧರ್ಮದಲ್ಲಿ ಬಲಾತ್ಕಾರ ಕೂಡದೆಂದು ಕುರ್‌ಆನ್ ಹೇಳಿರುವಾಗ ಇದನ್ನು ಯಾವ ಬಾಯಿಂದ ಸಮರ್ಥಿಸೋಣ? 1148ರಲ್ಲಿ ಸಿಸಿಲಿಯ ಕ್ರೈಸ್ತ ಅರಸನ ಸೇನೆ ಮಹ್ದಿಯಾವನ್ನು ಹಿಡಿದಾಗ ಬಿನ್ ಯಿಜುವಿನ ಸೋದರರೂ ಸಿಸಿಲಿಗೆ ನಿರಾಶ್ರಿತರಾಗಿ ಹೋದರು.

ಮುವಹ್ಹಿದೂನ್‌ರಿಂದಾಗಿ ಕಾರ್ಡೋವಾ ಬಿಟ್ಟವರಲ್ಲಿ ಯಹೂದಿಗಳ ಮಹಾ ವಿದ್ವಾಂಸ ಮೂಸಾ ಬಿನ್ ಮೈಮೂನ್ (ನಿಧನ 1204) ಒಬ್ಬರು. ಕೊನೆಗೆ ಅವರು ನೆಲೆಸಿದ್ದು ಮತ್ತೊಂದು ಮುಸ್ಲಿಂ ನಾಡಾದ ಈಜಿಪ್ಟಿನಲ್ಲಿ. ಅವರ 'ದಲಾಲತುಲ್ ಹಾಇರೀನ್' ಗ್ರಂಥ ಅರಬಿಯಲ್ಲೇ ಇದೆ. ಮನೆ ನಡೆಸುತ್ತಿದ್ದ ತಮ್ಮ ದಾವೂದ್, ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಅವನ ಜೊತೆ ಬೇರೆಯವರು ನಂಬಿ ಕೊಟ್ಟ ಹಣವೂ ಹೋಯಿತು. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಮುಂದೆ ವೈದ್ಯಕೀಯವೇ ಜೀವನವಾಯಿತು. ಸುಲ್ತಾನ್ ಸಲಾಹುದ್ದೀನರ ವಝೀರ್ ಅಲ್-ಕಾದೀ ಅಲ್-ಫಾದಿಲ್ ಅವರಿಗೆ ವೈದ್ಯರಾದರು. ಬೆಳಿಗ್ಗೆ ಅರಮನೆಗೆ ಹೋದವರು ಮಧ್ಯಾಹ್ನ ಹಸಿದು ಬರುವಷ್ಟರಲ್ಲಿ ಮನೆಯ ಪಡಸಾಲೆ ರೋಗಿಗಳಿಂದ ತುಂಬಿರುತ್ತಿತ್ತು, ಯಹೂದಿಗಳೂ ಇತರರೂ ಬೆರೆತು. ಸವಾರಿಯಿಂದಿಳಿದು ಕೈ ತೊಳೆದು, ಎರಡು ತುತ್ತು ತಿಂದು ಬರುತ್ತೇನೆಂದು ಅವರೆಲ್ಲರ ಅನುಮತಿ ಕೇಳುತ್ತಿದ್ದರು.